ಕೊನೆಯ ಸ್ವಿಚ್ಚು ಒತ್ತುವವರು ಯಾರು?



ಈ ವಾರ ಅಂಚೆಯಲ್ಲಿ ಬಂದ ಕಾಗದಗಳಲ್ಲಿ ಒಂದನ್ನು ಮೊದಲು ಓದಿ ಹೇಳುತ್ತೇನೆ. ಹಾಸನ ಜಿಲ್ಲೆಯ ಊರೊಂದರಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು.

‘ಅಂಕಲ್, ನಮ್ಮ ತಾತನ ಹತ್ತಿರ ಒಂದು ಹಳೇ ಕಂಪ್ಯೂಟರ್ ಇದೆ. 1999ರಲ್ಲಿ ತಗೊಂಡಿದ್ದಂತೆ. ನಮ್ಮ ಅಜ್ಜಿ ಹೇಳುವ ಸೋಬಾನೆ ಪದಗಳನ್ನೆಲ್ಲ ತಾತ ಅದರಲ್ಲಿ ಟೈಪ್ ಮಾಡಿ ಇಡುತ್ತಾರೆ. ಶಟ್‌ಡೌನ್ ಕೊಟ್ಟರೆ ಅದು ಪೂರ್ತಿ ಆಫ್ ಆಗುವುದಿಲ್ಲ. ಈಗ ಆಫ್ ಮಾಡಬಹುದು ಅಂತ ಇಂಗ್ಲಿಷಿನಲ್ಲಿ ತೋರಿಸಿ ಸುಮ್ಮನೆ ನಿಂತಿರುತ್ತದೆ. ಒಳಗೆ ಫ್ಯಾನು ಗುರ್ ಅನ್ನುತ್ತಲೇ ಇರುತ್ತದೆ. ಸಿಪಿಯು ಡಬ್ಬವೂ ಸ್ವಿಚ್‌ಬೋರ್ಡೂ ಮೇಜಿನ ಕೆಳಗೆ ಗೋಡೆ ಪಕ್ಕ ಇವೆ. ತಾತನಿಗೆ ಮಂಡಿ ನೋವು, ಬಗ್ಗೋಕೆ ಆಗಲ್ಲ. ರಾತ್ರಿ ನಾನು ಮಲಗಿದ್ದರೆ ಎಬ್ಬಿಸಲ್ಲ, ತಾವೇ ಬಗ್ತಾರೆ. ಹೋದ ತಿಂಗಳು ಪರದೆ ಕಪ್ಪಾಯಿತು ಅಂತ ಬೇಗನೆ ಸ್ವಿಚ್ ಆರಿಸಿಬಿಟ್ಟರು. ಮಾರನೇ ದಿನ ಮೂರು ಪದ ಇದ್ದ ಫೈಲು ತೆರೆಯಲೇ ಇಲ್ಲ. ಎರಡು ಪದ ಅಜ್ಜಿ ಮತ್ತೆ ಹೇಳಿದರು. ಮೂರನೆಯದರ ಕೊನೆಯ ನುಡಿ ಅವರಿಗೆ ನೆನಪಾಗುತ್ತಿಲ್ಲ. ನಮ್ಮ ಸ್ಕೂಲಿನ ಕಂಪ್ಯೂಟರ್ ತಾನೇ ಆಫ್ ಆಗುತ್ತೆ. ತಾತಂದು ಯಾಕೆ ಆಗಲ್ಲ? ಹೊಸದು ತಗೋಳ್ಲೇಬೇಕಾ?’

ಬೇಡ ಮಗೂ, ಹೊಸದು ಕೊಳ್ಳುವ ಮಾತು ಆಮೇಲೆ. ನಿನ್ನ ತಾತನ ಯಂತ್ರಕ್ಕೆ ಆರುವುದು ಗೊತ್ತಿಲ್ಲವೆಂದಲ್ಲ. ‘ಈಗ ಆರು’ ಎಂದು ಅದಕ್ಕೆ ಯಾರೂ ಹೇಳುತ್ತಿಲ್ಲ, ಅಷ್ಟೆ. ಹೇಗೆ ಅಂತೀಯಾ? ಎಲ್ಲರೂ ಕೂತು ನೋಡೋಣ.

ಅಂಗಡಿ ಮುಚ್ಚುವುದು, ದೀಪ ಆರಿಸುವುದು

ನಿಮ್ಮ ಬೀದಿಯ ಕಿರಾಣಿ ಅಂಗಡಿಯವರು ರಾತ್ರಿ ಏನು ಮಾಡುತ್ತಾರೆ, ಗಮನಿಸಿದ್ದೀರಾ? ಹಗಲೆಲ್ಲ ಗಿರಾಕಿಗಳ ಗದ್ದಲ. ಯಾರಿಗೆ ಏನು ಕೊಟ್ಟೆ ಎಂದು ಚೀಟಿಗಳಲ್ಲಿ ಗೀಚಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿರುತ್ತಾರೆ. ರಾತ್ರಿ ಆ ಚೀಟಿಗಳನ್ನೆಲ್ಲ ನೋಡಿ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರೆ. ಪುಸ್ತಕ ಮುಚ್ಚಿಟ್ಟ ಮೇಲೆ ದೀಪ ಆರಿಸಿ ಬಾಗಿಲು ಎಳೆಯುತ್ತಾರೆ. ಲೆಕ್ಕ ಬರೆಯುವುದು ಒಂದು ಕೆಲಸ, ದೀಪ ಆರಿಸುವುದು ಇನ್ನೊಂದು. ಮೊದಲನೆಯದು ಮುಗಿಯುವ ಮುಂಚೆ ಎರಡನೆಯದು ಮಾಡಿದರೆ ಕತ್ತಲಲ್ಲಿ ಚೀಟಿಗಳು ಚೆಲ್ಲಾಪಿಲ್ಲಿ.

ಕಂಪ್ಯೂಟರಿನಲ್ಲೂ ಹಾಗೆಯೇ. ಚೀಟಿಗಳ ಜಾಗದಲ್ಲಿ ರ್‍ಯಾಮ್ ಎಂಬ ನೆನಪು ಇದೆ. ಅದು ಬಹಳ ಚುರುಕು, ಆದರೆ ಕರೆಂಟು ಹೋದರೆ ಎಲ್ಲವನ್ನೂ ಮರೆಯುತ್ತದೆ. ಲೆಕ್ಕದ ಪುಸ್ತಕದ ಜಾಗದಲ್ಲಿ ಹಾರ್ಡ್‌ಡಿಸ್ಕ್ ಇದೆ. ಅದು ನಿಧಾನ, ಆದರೆ ಕರೆಂಟು ಹೋದರೂ ಮರೆಯುವುದಿಲ್ಲ. ನಾವು ‘ಸೇವ್’ ಎಂದು ಒತ್ತಿದ ತಕ್ಷಣ ಪ್ರತಿ ಅಕ್ಷರವೂ ಡಿಸ್ಕಿಗೆ ಇಳಿದುಬಿಡುತ್ತದೆ ಎಂದು ತಿಳಿಯಬೇಡಿ. ಕಂಪ್ಯೂಟರು ಸ್ವಲ್ಪ ಹೊತ್ತು ಅದನ್ನು ಚೀಟಿಯಲ್ಲೇ ಇಟ್ಟುಕೊಂಡು, ಬಿಡುವಾದಾಗ ಪುಸ್ತಕಕ್ಕೆ ಏರಿಸುವುದುಂಟು. ಶಟ್‌ಡೌನ್ ಎಂದರೆ ‘ಉಳಿದ ಚೀಟಿಗಳನ್ನೆಲ್ಲ ಏರಿಸಿ ಪುಸ್ತಕ ಮುಚ್ಚು’ ಎಂಬ ಆಜ್ಞೆ. ಆ ಕೆಲಸ ನಡೆಯುವಾಗ ಪರದೆ ಒಮ್ಮೊಮ್ಮೆ ಕಪ್ಪಾಗುತ್ತದೆ. ಕಪ್ಪಾಯಿತು ಎಂದರೆ ಮುಗಿಯಿತು ಎಂದಲ್ಲ. ತಾತನ ಮೂರು ಪದಗಳು ಕಳೆದದ್ದು ಬಹುಶಃ ಆ ನಡುವಿನ ಹೊತ್ತಿನಲ್ಲಿ.

ಕೈಯಿಲ್ಲದ ಕಾಲ

ಹಾಗಾದರೆ ಪುಸ್ತಕ ಮುಚ್ಚಿದ ಮೇಲೆ ದೀಪವನ್ನೂ ಅದೇ ಆರಿಸಬಾರದೇ? ಒಂದು ಕಾಲದಲ್ಲಿ ಆಗುತ್ತಿರಲಿಲ್ಲ. ಹಳೆಯ ಎಟಿ ಮಾದರಿಯ ಕಂಪ್ಯೂಟರುಗಳಲ್ಲಿ ಮುಂದಿನ ಗುಂಡಿ ನಮ್ಮ ಮನೆಯ ಲೈಟಿನ ಸ್ವಿಚ್ಚಿನ ಹಾಗೆ. ಗೋಡೆಯಿಂದ ಬರುವ 230 ವೋಲ್ಟಿನ ತಂತಿಯೇ ಒಳಗಿನಿಂದ ಆ ಗುಂಡಿಯವರೆಗೆ ಬರುತ್ತಿತ್ತು. ಒತ್ತಿದರೆ ‘ಟಕ್’ ಎಂದು ತಂತಿ ಕೂಡಿಕೊಳ್ಳುತ್ತಿತ್ತು, ಇನ್ನೊಮ್ಮೆ ಒತ್ತಿದರೆ ಬಿಟ್ಟುಕೊಳ್ಳುತ್ತಿತ್ತು. ಎಷ್ಟೇ ಬುದ್ಧಿವಂತ ಸಾಫ್ಟ್‌ವೇರ್ ಆದರೂ ಅದಕ್ಕೆ ಬೆರಳಿಲ್ಲವಲ್ಲ! ಗುಂಡಿ ಒತ್ತುವುದು ಹೇಗೆ?

ಆದ್ದರಿಂದ ಆಗಿನ ವಿಂಡೋಸ್ 95 ತನ್ನ ಕೆಲಸ ಮುಗಿಸಿ, ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ‘ಈಗ ಆಫ್ ಮಾಡಬಹುದು’ ಎಂದು ತೋರಿಸಿ ಕಾಯುತ್ತಿತ್ತು. ಕೊನೆಯ ಸ್ವಿಚ್ಚು ಒತ್ತುವುದು ಮನುಷ್ಯರ ಪಾಲಿಗೆ ಬಿಟ್ಟದ್ದು. ಹಿರಿಯರಲ್ಲಿ ಬಹಳ ಮಂದಿಗೆ ಆ ಪರದೆ ನೆನಪಿದ್ದೀತು. ಒಂದು ತಮಾಷೆ ಗೊತ್ತೇ? ಆ ಬರಹ ನಿಜವಾಗಿ ಒಂದು ಚಿತ್ರ. ಲೋಗೋಸ್ ಡಾಟ್ ಸಿಸ್ ಎಂಬ ಫೈಲಿನಲ್ಲಿ ಕೂತಿತ್ತು. ತಿಳಿದ ಕೆಲವರು ಅದನ್ನು ತೆಗೆದು ತಮಗೆ ಬೇಕಾದ ಚಿತ್ರ ಹಾಕಿಕೊಳ್ಳುತ್ತಿದ್ದರು.

ಹಸಿರು ತಂತಿಯ ಕಥೆ

1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ಮಾದರಿಯನ್ನು ಹೊರತಂದಿತು. ಅಲ್ಲಿ ಮುಂದಿನ ಗುಂಡಿಯ ಕೆಲಸವೇ ಬದಲಾಯಿತು. ಅದು ತಂತಿ ಕಡಿಯುವ ಗುಂಡಿಯಲ್ಲ, ಕರೆಗಂಟೆಯಂಥ ಗುಂಡಿ. ಒತ್ತಿದರೆ ‘ಯಾರೋ ಕರೆಯುತ್ತಿದ್ದಾರೆ’ ಎಂದು ಒಳಗಿನ ಮದರ್‌ಬೋರ್ಡಿಗೆ ತಿಳಿಯುತ್ತದೆ. ಏನು ಮಾಡಬೇಕೆಂದು ತೀರ್ಮಾನಿಸುವುದು ಬೋರ್ಡು.

ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬದಿಂದ ಮದರ್‌ಬೋರ್ಡಿಗೆ ಬಣ್ಣಬಣ್ಣದ ತಂತಿಗಳ ಒಂದು ಕಟ್ಟು ಹೋಗುತ್ತದೆ. ಅದರಲ್ಲಿ ನೇರಳೆ ಬಣ್ಣದ ತಂತಿ ರಾತ್ರಿ ಕಾವಲುಗಾರನಿದ್ದಂತೆ. ಕಂಪ್ಯೂಟರು ಆರಿದ್ದರೂ ಗೋಡೆಯ ಸ್ವಿಚ್ ಹಾಕಿದ್ದರೆ ಅದರಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಹಸಿರು ತಂತಿ ಅಪ್ಪಣೆಯ ತಂತಿ. ಮದರ್‌ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸಿ ಹಿಡಿದಿರುವಷ್ಟು ಹೊತ್ತು ಎಸ್‌ಎಂಪಿಎಸ್ ನಡೆಯುತ್ತದೆ. ಹಿಡಿತ ಬಿಟ್ಟರೆ ನಿಲ್ಲುತ್ತದೆ. ಸಾಫ್ಟ್‌ವೇರಿಗೆ ಕೊನೆಗೂ ಬೆರಳು ಸಿಕ್ಕಿತು ಎನ್ನಿ.

ಆದರೆ ಬೆರಳಿದ್ದರೆ ಸಾಲದು, ಮಾತೂ ಬೇಕು. ಪುಸ್ತಕ ಮುಚ್ಚಿದ ವಿಂಡೋಸು ‘ಹಸಿರು ತಂತಿ ಬಿಡು’ ಎಂದು ಬೋರ್ಡಿಗೆ ಯಾವ ಭಾಷೆಯಲ್ಲಿ ಹೇಳಬೇಕು? ಇದಕ್ಕೆ ಎರಡು ಭಾಷೆಗಳಿವೆ. ಮೊದಲನೆಯದು ಎಪಿಎಂ, ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ 1992ರಲ್ಲಿ ಮಾಡಿದ್ದು. ಇದರಲ್ಲಿ ಬೋರ್ಡಿನೊಳಗಿನ ಬಯೋಸ್ ಎಂಬ ಮೂಲ ಪ್ರೋಗ್ರಾಮಿಗೆ ವಿಂಡೋಸು ‘ನನ್ನದಾಯಿತು, ಆರಿಸು’ ಎಂದು ಒಪ್ಪಿಸಿಬಿಡುತ್ತದೆ. ಎರಡನೆಯದು ಎಸಿಪಿಐ, ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಹೊರತಂದದ್ದು. ಇದರಲ್ಲಿ ಮನೆಯ ಯಜಮಾನಿಕೆ ವಿಂಡೋಸಿನದು. ಬಯೋಸು ಕೊಟ್ಟ ಪಟ್ಟಿಯನ್ನು ನೋಡಿಕೊಂಡು ತಾನೇ ಆರಿಸುತ್ತದೆ. ಇಂದಿನ ವಿಂಡೋಸ್ ಕಂಪ್ಯೂಟರುಗಳು ಆಡುವುದು ಈ ಎರಡನೆಯ ಭಾಷೆ.

ತಾನಾಗಿ ಆರದ ಕಂಪ್ಯೂಟರಿನಲ್ಲಿ ಈ ಸರಪಳಿಯ ಒಂದು ಕೊಂಡಿ ಕಳಚಿರುತ್ತದೆ. ಬೆರಳಿಲ್ಲದಿರಬಹುದು, ಭಾಷೆ ಬಾರದಿರಬಹುದು, ಇಲ್ಲವೇ ಬರುವ ಭಾಷೆಯನ್ನು ಆಡಲು ಯಾರೂ ಹೇಳದಿರಬಹುದು.

ಫೋನಿನಲ್ಲಿ ಹುಡುಕಾಟ

ಕಾಗದದಲ್ಲಿ ಫೋನ್ ನಂಬರ್ ಇತ್ತು. ಭಾನುವಾರ ಬೆಳಿಗ್ಗೆ ಕರೆ ಮಾಡಿದೆ. ಹುಡುಗಿ ಕಂಪ್ಯೂಟರಿನ ಮುಂದೆ, ತಾತ ಪೆನ್ನು ಹಿಡಿದು ಪಕ್ಕದಲ್ಲಿ, ಅಜ್ಜಿ ಅವರೆಕಾಯಿ ಸುಲಿಯುತ್ತಾ ಹಿಂದೆ.

‘ಪುಟ್ಟಿ, ಮುಂದಿನ ಗುಂಡಿ ಒತ್ತಿ ಆನ್ ಮಾಡು. ಒತ್ತಿದ ಗುಂಡಿ ಒಳಗೇ ಕೂರುತ್ತದೋ, ವಾಪಸ್ ಹೊರಗೆ ಬರುತ್ತದೋ?’

‘ವಾಪಸ್ ಬಂತು ಅಂಕಲ್.’

ಅಂದರೆ ಅದು ಕರೆಗಂಟೆಯ ಗುಂಡಿ, ಎಟಿಎಕ್ಸ್. ಬೆರಳಿದೆ. ಗುಂಡಿ ಒಳಗೇ ಕೂತುಕೊಂಡಿದ್ದರೆ ಅದು ಎಟಿ ಎಂದು ತಿಳಿದು ಅಲ್ಲಿಗೇ ಬಿಡುತ್ತಿದ್ದೆ. ಆ ಯಂತ್ರಕ್ಕೆ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಸ್ವಿಚ್‌ಬೋರ್ಡನ್ನು ಮೇಜಿನ ಮಟ್ಟಕ್ಕೆ ಏರಿಸಿಕೊಳ್ಳುವುದೇ ಅದಕ್ಕೆ ಮದ್ದು.

‘ಆನ್ ಆಗುವಾಗ ಕಪ್ಪು ಪರದೆಯ ಕೆಳತುದಿಯಲ್ಲಿ ಒಂದು ತಾರೀಖು ಬರುತ್ತದೆ. ಅದೇನು ನೋಡಮ್ಮ.’

ಎರಡು ಸಲ ತಪ್ಪಿಸಿಕೊಂಡ ತಾರೀಖನ್ನು ಮೂರನೇ ಸಲ ಹಿಡಿದಳು. ಬಯೋಸು 1998ರದು. ಅಲ್ಲಿಗೆ ಅರ್ಧ ಗುಟ್ಟು ರಟ್ಟಾಯಿತು. ಮೊದಲು ಆ ಕಂಪ್ಯೂಟರಿನಲ್ಲಿ ವಿಂಡೋಸ್ 98 ಇತ್ತು, ಆಗ ತಾನಾಗಿಯೇ ಆರುತ್ತಿತ್ತು ಎಂದು ತಾತ ನೆನಪು ಮಾಡಿಕೊಂಡರು. ಆಮೇಲೆ ಯಾರಿಂದಲೋ ವಿಂಡೋಸ್ ಎಕ್ಸ್‌ಪಿ ಹಾಕಿಸಿದರಂತೆ. ಎಕ್ಸ್‌ಪಿಗೆ ಒಂದು ಸ್ವಭಾವವಿದೆ. 1999ರ ಜನವರಿ 1ಕ್ಕಿಂತ ಹಿಂದಿನ ಬಯೋಸು ಕಂಡರೆ, ಅದರ ಹೆಸರು ತನ್ನ ಒಳ್ಳೆಯ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ಬಯೋಸಿನ ಎಸಿಪಿಐ ಭಾಷೆಯನ್ನು ಅದು ನಂಬುವುದಿಲ್ಲ. ಆ ಕಾಲದ ಬಹಳ ಬಯೋಸುಗಳಲ್ಲಿ ಆ ಭಾಷೆ ಇನ್ನೂ ತೊದಲುನುಡಿಯಾಗಿತ್ತು. ಹೋಗಲಿ, ಹಳೆಯ ಎಪಿಎಂ ಭಾಷೆಯನ್ನಾದರೂ ಆಡುತ್ತದೋ ಎಂದರೆ, ನಾವು ಹೇಳುವವರೆಗೆ ಅನೇಕ ಯಂತ್ರಗಳಲ್ಲಿ ಅದನ್ನೂ ಆಡದೆ ಸುಮ್ಮನಿರುತ್ತದೆ.

‘ಈಗ ಸ್ಟಾರ್ಟ್ ಒತ್ತಿ ಕಂಟ್ರೋಲ್ ಪ್ಯಾನೆಲ್ ತೆಗಿ. ಅದರಲ್ಲಿ ಪವರ್ ಆಪ್ಷನ್ಸ್. ಮೇಲೆ ಸಾಲಾಗಿ ಹೆಸರುಗಳಿವೆಯಲ್ಲ, ಅವುಗಳಲ್ಲಿ ಎಪಿಎಂ ಅಂತ ಇದೆಯಾ?’

‘ಇದೆ ಅಂಕಲ್! ಒಳಗೆ ಒಂದೇ ಒಂದು ಚೌಕ ಇದೆ. ಖಾಲಿ ಇದೆ.’

‘ಅದರ ಮುಂದೆ ಎನೇಬಲ್ ಅಡ್ವಾನ್ಸ್‌ಡ್ ಪವರ್ ಮ್ಯಾನೇಜ್‌ಮೆಂಟ್ ಸಪೋರ್ಟ್ ಅಂತ ಇರಬೇಕು. ಆ ಚೌಕಕ್ಕೆ ಟಿಕ್ ಹಾಕಿ ಅಪ್ಲೈ ಒತ್ತು, ಆಮೇಲೆ ಓಕೆ. ತೆರೆದದ್ದನ್ನೆಲ್ಲ ಮುಚ್ಚಿ ಶಟ್‌ಡೌನ್ ಕೊಡು. ಯಾರೂ ಸ್ವಿಚ್ ಮುಟ್ಟಬೇಡಿ.’

ಫೋನಿನಲ್ಲಿ ಫ್ಯಾನಿನ ಗುರ್ ಸದ್ದು ನನಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಇಳಿದು ನಿಂತೇ ಹೋಯಿತು. ಆಮೇಲೆ ಅವರೆಕಾಯಿ ಬುಟ್ಟಿಗೆ ಬೀಳುವ ಸದ್ದು ಮಾತ್ರ.

‘ತಾನೇ ನಿಂತುಹೋಯ್ತಲ್ರೀ!’ ಎಂದರು ತಾತ.

ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ: ‘ಅದು ಮಲಗಿದ್ದು ಸರಿ. ನನ್ನ ಪದ ಎಲ್ಲಿ ಮಲಗವೆ ಕೇಳಿ.’

ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮುಂಚೆ, ಇಷ್ಟು ಸುಲಭವಾಗಿ ಸರಿಹೋಗದವರಿಗೆ ನಾಲ್ಕು ಮಾತು.

ಅಲ್ಲಿ ಸಿಗದಿದ್ದರೆ

ಎಪಿಎಂ ಎಂಬ ಹೆಸರೇ ಕಾಣದಿದ್ದರೆ ಬಯೋಸಿನಲ್ಲಿ ನೋಡಬೇಕು. ಆನ್ ಮಾಡಿದ ಕೂಡಲೇ ಡಿಲೀಟ್ ಕೀಲಿಯನ್ನು ಒತ್ತುತ್ತಿದ್ದರೆ ಬಹುಪಾಲು ಹಳೆಯ ಡೆಸ್ಕ್‌ಟಾಪುಗಳಲ್ಲಿ ಬಯೋಸ್ ಪುಟ ತೆರೆಯುತ್ತದೆ. ಅಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಭಾಗದಲ್ಲಿ ಎಪಿಎಂ ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ, ಉಳಿಸಿ ಹೊರಬನ್ನಿ. ಒಂದು ಎಚ್ಚರಿಕೆ: ಅದೇ ಪುಟದಲ್ಲಿ ಎಸಿಪಿಐ ಎಂಬ ಸಾಲೂ ಇರಬಹುದು. ಅದನ್ನು ಮುಟ್ಟಬೇಡಿ. ವಿಂಡೋಸ್ ಹಾಕುವಾಗ ಅದು ಹೇಗಿತ್ತೋ ಹಾಗೆಯೇ ಇರಲಿ. ನಡುವೆ ಬದಲಿಸಿದರೆ ವಿಂಡೋಸು ಏಳದೇ ಹೋಗಬಹುದು. ಮಕ್ಕಳು ಈ ಪುಟಕ್ಕೆ ದೊಡ್ಡವರ ಜೊತೆಯಲ್ಲೇ ಹೋಗಬೇಕು. ಬದಲಿಸುವ ಮುನ್ನ ಇದ್ದದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಮೊದಲು ಚೆನ್ನಾಗಿ ಆರುತ್ತಿದ್ದದ್ದು ಈಚೆಗೆ ಆರದಿದ್ದರೆ ಗಡಿಯಾರ ನೋಡಿ. ಕಂಪ್ಯೂಟರಿನ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಓಡಿದ್ದರೆ ಮದರ್‌ಬೋರ್ಡಿನ ಬಿಲ್ಲೆಯಾಕಾರದ ಸೆಲ್ಲು ಸತ್ತಿದೆ ಎಂದರ್ಥ. ಹೆಚ್ಚಾಗಿ ಅದು ಸಿಆರ್ 2032 ಎಂಬ 3 ವೋಲ್ಟಿನ ಸೆಲ್ಲು. ಬಯೋಸಿನ ಸೆಟ್ಟಿಂಗುಗಳನ್ನು ನೆನಪಿಡುವುದು ಅದರ ಬಲದಿಂದಲೇ. ಸೆಲ್ಲು ಸತ್ತರೆ ಬಯೋಸು ಕಾರ್ಖಾನೆಯಿಂದ ಬಂದ ದಿನಕ್ಕೆ ಮರಳುತ್ತದೆ, ನೀವು ಮಾಡಿದ್ದ ಬದಲಾವಣೆ ಮರೆತುಹೋಗುತ್ತದೆ.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡವರೂ ಇದ್ದೀರಿ. ಅಲ್ಲಿ ‘ಹಾಲ್ಟ್’ ಎಂದರೆ ನಿಲ್ಲು, ‘ಪವರ್‌ಆಫ್’ ಎಂದರೆ ಆರು. ನಿಲ್ಲು ಎಂದು ಹೇಳಿ ಯಾಕೆ ಆರಲಿಲ್ಲ ಎಂದು ಕೇಳಿದರೆ ಅದರ ತಪ್ಪಲ್ಲ. ಬಯೋಸು ತೀರಾ ಹಳೆಯದಾದರೆ ಲಿನಕ್ಸೂ ಎಸಿಪಿಐಯನ್ನು ನಂಬದಿರಬಹುದು. ಏಳುವಾಗ ಕೊಡುವ ಆಜ್ಞೆಯ ಸಾಲಿಗೆ ‘ಎಸಿಪಿಐ ಫೋರ್ಸ್’ ಎಂಬ ಸೂಚನೆ ಸೇರಿಸಿದರೆ ಒತ್ತಾಯದಿಂದ ಆಡುತ್ತದೆ. ಇದನ್ನು ಬಲ್ಲವರಿಂದ ಮಾಡಿಸಿ.

ಯಾವುದೂ ಆಗದೆ ಯಂತ್ರ ಹೆಪ್ಪುಗಟ್ಟಿದಂತೆ ನಿಂತರೆ, ಎಟಿಎಕ್ಸ್ ಗುಂಡಿಯನ್ನು 4 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ಬೋರ್ಡು ಯಾರನ್ನೂ ಕೇಳದೆ ಆರಿಸುತ್ತದೆ. ಇದು ಬೆಂಕಿ ಬಿದ್ದಾಗ ಕಿಟಕಿಯಿಂದ ಹಾರುವಂಥದ್ದು. ದಿನಾ ಕಿಟಕಿಯಿಂದ ಹಾರುವವರುಂಟೇ?

ತಾನಾಗಿ ಆರಿದ ಮೇಲೂ ನೇರಳೆ ತಂತಿಯ ಕಾವಲುಗಾರ ಎಚ್ಚರವಾಗಿಯೇ ಇರುತ್ತಾನೆ ಎಂಬುದು ನೆನಪಿರಲಿ. ಕೆಲವು ಕಂಪ್ಯೂಟರುಗಳಲ್ಲಿ ಆರಿದ ಮೇಲೂ ಮೌಸಿನ ಕೆಂಪು ಬೆಳಕು ಉರಿಯುವುದು ಅದರಿಂದಲೇ. ದಿನನಿತ್ಯ ಇದರಿಂದ ತೊಂದರೆಯಿಲ್ಲ. ಗುಡುಗು ಸಿಡಿಲಿನ ಹೊತ್ತಿನಲ್ಲಿ, ಊರಿಗೆ ಹೋಗುವಾಗ ಮಾತ್ರ ಗೋಡೆಯ ಸ್ವಿಚ್ಚನ್ನೂ ಆರಿಸಿ ಪ್ಲಗ್ ಕಿತ್ತಿಡಿ, ಯಂತ್ರ ಪೂರ್ತಿ ಆರಿದ ಮೇಲೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಜೋರಾಗಿ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ಪದಗಳು ಎಲ್ಲಿ ಮಲಗಬೇಕು?

ಈಗ ಅಜ್ಜಿಯ ಪ್ರಶ್ನೆ. ಯಂತ್ರ ತಾನಾಗಿ ಆರಿದರೆ ತಾತನ ಮಂಡಿಗೆ ಬಿಡುವು, ಫೈಲಿಗೂ ಅಪಾಯ ಕಡಿಮೆ. ಆದರೆ ಅಷ್ಟೊಂದು ವರ್ಷದ ಡಿಸ್ಕು ಎಂದು ಕೈಕೊಡುತ್ತದೋ ಯಾರು ಬಲ್ಲರು? ಪದಗಳು ಒಂದೇ ಕಡೆ ಮಲಗಬಾರದು.

ತಾತನಿಗೆ ನಾನು ಮೂರು ಕೆಲಸ ಹೇಳಿದೆ. ಪದಗಳ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ, ಮಗನ ಮನೆಯ ಹೊಸ ಕಂಪ್ಯೂಟರಿಗೂ ಹಾಕಿಡಿ. ಹಳೆಯ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಆ ತಂತ್ರಾಂಶಗಳ ಜೊತೆಗೇ ಸಿಗುವ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಮೊಮ್ಮಗಳು ದೊಡ್ಡವಳಾಗಿ ತೆರೆದಾಗ ಕನ್ನಡದ ಬದಲು ಗೋಜಲು ಚಿಹ್ನೆಗಳು ಕಂಡಾವು. ಎಲ್ಲವನ್ನೂ ಒಮ್ಮೆ ಪ್ರಿಂಟ್ ತೆಗೆಸಿ ದಾರ ಹಾಕಿ ಹೊಲಿಸಿಡಿ. ಕಾಗದಕ್ಕೆ ಶಟ್‌ಡೌನ್ ಬೇಕಿಲ್ಲ. ಜೊತೆಗೆ ಇನ್ನೊಂದು ಮಾತೂ ಹೇಳಿದೆ: ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದೆ, ಆ ಯಂತ್ರಕ್ಕೆ ಇಂಟರ್‌ನೆಟ್ ಜೋಡಿಸಬೇಡಿ. ಪದ ಟೈಪ್ ಮಾಡಲು ಅದರ ಅಗತ್ಯವೂ ಇಲ್ಲ.

ಮರೆತ ಆ ಕೊನೆಯ ನುಡಿಯನ್ನು ಯಾವ ಸೆಟ್ಟಿಂಗೂ ತಂದುಕೊಡಲಾರದು. ಅದಕ್ಕೆ ಹುಡುಗಿಯೇ ಒಂದು ದಾರಿ ಹುಡುಕಿದ್ದಾಳೆ. ಅಜ್ಜಿಯ ತಂಗಿ ಪಕ್ಕದ ಊರಿನಲ್ಲಿದ್ದಾರಂತೆ. ಇಬ್ಬರೂ ಒಟ್ಟಿಗೆ ಕೂತು ಹೇಳಿದರೆ ಬಾಯಿಗೆ ಬಂದೀತು ಎಂದು ರಜೆಯಲ್ಲಿ ಅಲ್ಲಿಗೆ ಹೋಗುವ ಯೋಚನೆ ಮಾಡಿದ್ದಾಳೆ. ಮೊಬೈಲಿನಲ್ಲಿ ದನಿಯನ್ನೂ ಹಿಡಿದುಕೊಂಡು ಬಾ ಎಂದು ಹೇಳಿದ್ದೇನೆ.

ಈ ವಾರದ ಮನೆಗೆಲಸ

ಮಕ್ಕಳೇ, ನಿಮ್ಮ ಮನೆಯಲ್ಲಿ ಎಷ್ಟು ಸ್ವಿಚ್ಚುಗಳಿವೆ? ಅವುಗಳಲ್ಲಿ ತಂತಿಯನ್ನೇ ಕಡಿಯುವ ಸ್ವಿಚ್ಚುಗಳು ಯಾವುವು, ಕರೆಗಂಟೆಯಂತೆ ಬರಿದೇ ಕೇಳುವ ಗುಂಡಿಗಳು ಯಾವುವು? ಮಿಕ್ಸಿ, ಗೋಡೆಯ ಫ್ಯಾನ್ ಸ್ವಿಚ್, ಟಿವಿಯ ರಿಮೋಟು, ಸೆಟ್‌ಟಾಪ್ ಬಾಕ್ಸು, ಮೊಬೈಲಿನ ಪಕ್ಕದ ಗುಂಡಿ, ಟಾರ್ಚು ಇವನ್ನೆಲ್ಲ ನೋಡಿ ಎರಡು ಪಟ್ಟಿ ಮಾಡಿ. ಒಂದು ಸುಳಿವು ಕೊಡುತ್ತೇನೆ: ಆರಿದ ಮೇಲೂ ಎಲ್ಲೋ ಒಂದು ಪುಟ್ಟ ಕೆಂಪು ದೀಪ ಉರಿಯುತ್ತಿದ್ದರೆ, ಅಲ್ಲೊಬ್ಬ ಕಾವಲುಗಾರ ಎಚ್ಚರವಾಗಿದ್ದಾನೆ. ಪಟ್ಟಿ ಮಾಡುವಾಗ ತಾತ, ಅಜ್ಜಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವ ಸ್ವಿಚ್ಚಿಗೆ ಬಗ್ಗುವುದು ಅವರಿಗೆ ಕಷ್ಟ ಎಂದು ಕೇಳಿ ಅದನ್ನೂ ಬರೆದು ಕಳಿಸಿ.